ಡಬ್ಬಿಯ ಮೇಲಿನ ಮೊಯ್ದೀನಬ್ಬ

ಉರ್ವ ಮಾರ್ಕೆಟ್ಟಿನ ಹಿಂಬದಿಯ ಗಲ್ಲಿಯಲ್ಲಿ ಮೊಯ್ದೀನಬ್ಬರ ರಿಪೇರಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಬಿಸಿಲಿಗೇ ನಿಲ್ಲಬೇಕು, ಅಷ್ಟೇ ಅಗಲ. ಗಲ್ಫಿನ ದಮ್ಮಾಮಿನಲ್ಲಿ ಒಂಬತ್ತು ವರ್ಷ ಮೋಟಾರಿಗೆ ತಂತಿ ಸುತ್ತಿ ಬಂದವರು, ಊರಿಗೆ ಬಂದ ಮೇಲೆ ಮಿಕ್ಸಿ, ಫ್ಯಾನು, ಗ್ರೈಂಡರು ಎಂದು ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಅಷ್ಟು ವರ್ಷದಲ್ಲಿ ಯಾರನ್ನೂ ‘ಇದು ಆಗುವುದಿಲ್ಲ’ ಎಂದು ವಾಪಸು ಕಳಿಸಿದ್ದಿಲ್ಲ. ಅವರ ಆಸ್ತಿ ಎಂದರೆ ಆ ಒಂದು ಹೆಸರು, ಬೇರೇನೂ ಇಲ್ಲ.

ಈಚೆಗೆ ರಿಪೇರಿಗೆ ಬರುವುದೆಲ್ಲ ಸೋಲಾರ್ ದೀಪ. ಸಂಜೆ ರಸ್ತೆ ಬದಿಯಲ್ಲಿ ಮೀನು, ತರಕಾರಿ, ಮಲ್ಲಿಗೆ ಮಾರುವವರು ಇಟ್ಟುಕೊಳ್ಳುವುದು ಅದನ್ನೇ. ಅದರ ಮೇಲೆ ಹಸಿರೆಲೆಯ ಚಿತ್ರವೇನು, ‘ಪರಿಸರಸ್ನೇಹಿ’ ಎಂಬ ಬರಹವೇನು! ಒಂದೂವರೆ ವರ್ಷಕ್ಕೆ ಒಳಗಿನ ಬ್ಯಾಟರಿ ಸತ್ತರೆ ಬದಲಾಯಿಸಲು ದಾರಿಯಿಲ್ಲ. ಒಂದು ಸ್ಕ್ರೂ ಇಲ್ಲ ಮಾರಾಯ್ರೇ, ಸುತ್ತಲೂ ಗೋಂದು. ಇಡೀ ದೀಪವನ್ನೇ ತಿಪ್ಪೆಗೆ ಎಸೆಯಬೇಕಂತೆ. ಎಂಥ ಪರಿಸರವೋ, ಎಂಥ ಸ್ನೇಹವೋ! ಮೊಯ್ದೀನಬ್ಬ ಬಿಡುವವರಲ್ಲ. ಮಗಳು ರಿಝ್ವಾನಾಳ ಹೇರ್ ಡ್ರೈಯರ್ ತಂದು, ಗೋಂದಿಗೆ ಬಿಸಿಗಾಳಿ ಹಿಡಿದು, ಹಳೆಯ ಹ್ಯಾಕ್ಸಾ ಬ್ಲೇಡು ತೂರಿಸಿ ದೀಪ ತೆರೆಯುವುದನ್ನು ಕಂಡುಹಿಡಿದರು. ತರಕಾರಿ ಮಾರುವ ಲೂರ್ಡ್ಸ್ ಬಾಯಮ್ಮನ ದೀಪಕ್ಕೆ ಹೀಗೆ ಎರಡು ಸಲ ಜೀವ ಬಂದಿತ್ತು.

ಅಂಥ ಹೊತ್ತಿಗೆ ಶೋಭಿತ್ ಬಂದ. ಮಣ್ಣಗುಡ್ಡದ ಜಲಜಾಕ್ಷಿಯಮ್ಮನ ಮಗ. ಆ ದೀಪ ಮಾಡುವ ಕಂಪೆನಿಯಲ್ಲೇ ಡಿಸೈನ್ ಎಂಜಿನಿಯರ್. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಮಿಕ್ಸಿ ಹಿಡಿದುಕೊಂಡು ಇದೇ ಅಂಗಡಿಗೆ ಬರುತ್ತಿದ್ದವನು.

“ಮೊಯ್ದಿನಾಕ, ಹೊಸ ಮಾಡೆಲ್ ಮಾಡ್ಲಿಕ್ಕುಂಟು. ಬಾಳಿಕೆ ಬರಬೇಕು, ಬಿಸಾಡುವುದು ಕಡಿಮೆ ಆಗಬೇಕು. ನೀವು ಹೇಗೆ ತೆರೀತೀರಿ, ಒಮ್ಮೆ ತೋರಿಸ್ತೀರಾ?”

ಕಂಪೆನಿಯೇ ತನ್ನ ಹತ್ತಿರ ಕಲಿಯಲು ಬಂದಿದೆ ಎಂದು ಮೊಯ್ದೀನಬ್ಬ ಉಬ್ಬಿಹೋದರು. ಚಾ, ಗೋಳಿಬಜೆ ತರಿಸಿದರು. ಕೇಳಿಕೊಂಡು ಬಂದವನಿಗೆ ಕೈಕೆಲಸ ಮುಚ್ಚಿಡಬಾರದು ಎಂದು ದಮ್ಮಾಮಿನಲ್ಲಿ ಕೆಲಸ ಹೇಳಿಕೊಟ್ಟ ಉಸ್ತಾದರು ಕಲಿಸಿದ್ದರು. ಅದನ್ನು ಇವರು ಎಂದೂ ಮೀರಿದವರಲ್ಲ. ಮೂರು ಮಧ್ಯಾಹ್ನ ಕೂತು ಎಲ್ಲ ಗುಟ್ಟು ಬಿಚ್ಚಿದರು. ಗೋಂದು ಎಲ್ಲಿ ತೆಳು, ಬ್ಲೇಡು ಎಲ್ಲಿ ನುಗ್ಗುತ್ತದೆ, ಯಾವ ವೈರನ್ನು ಮೊದಲು ಬಿಡಿಸಬೇಕು, ಎಲ್ಲ.

“ಇಲ್ಲಿ ನಾಲ್ಕು ಸ್ಕ್ರೂ ಇಟ್ರೆ ಮುಗೀತು ಮೋನೇ. ಲೂರ್ಡ್ಸ್ ಬಾಯಮ್ಮನೇ ಬ್ಯಾಟರಿ ಹಾಕಿಕೊಳ್ತಾರೆ, ನಾನೂ ಬೇಡ.”

ಶೋಭಿತ್ ವೀಡಿಯೊ ಮಾಡಿಕೊಂಡ. ಸ್ಕ್ರೂಡ್ರೈವರ್ ಹಿಡಿದು ನಗುವ ಮೊಯ್ದೀನಬ್ಬರ ಫೋಟೊವನ್ನೂ ತೆಗೆದ. ಮನೆಯಲ್ಲಿ ಹೆಂಡತಿ ಬೀಫಾತಿಮ್ಮ, “ಅನ್ನದ ದಾರಿಯನ್ನು ಹೀಗೆ ಹರವಿ ಇಡುವುದಾ?” ಎಂದು ಗೊಣಗಿದರೆ, “ನಮ್ಮ ಕಣ್ಣೆದುರು ಬೆಳೆದ ಹುಡುಗ, ನೀನು ಸುಮ್ಮನಿರು” ಎಂದು ಮೊಯ್ದೀನಬ್ಬ ಗದರಿದರು.

ಎಂಟು ತಿಂಗಳಿಗೆ ಹೊಸ ದೀಪ ಬಂತು. ಡಬ್ಬಿಯ ಮೇಲೆ ಮೊಯ್ದೀನಬ್ಬರ ನಗುಮುಖ! ಕೆಳಗೆ ‘ಊರಿನ ಕೈಗಳು ಕಲಿಸಿದ ಸುಸ್ಥಿರ ವಿನ್ಯಾಸ’ ಎಂದು ಬರೆದಿತ್ತು. ಹಳೆಯ ದೀಪ ಕೊಟ್ಟರೆ ರಿಯಾಯಿತಿ ಬೇರೆ. ಮೊಯ್ದೀನಬ್ಬರ ಮುಖವೇ ಇದ್ದ ಮೇಲೆ ಇನ್ನೇನು ಎಂದು ಮಾರ್ಕೆಟ್ಟಿನ ಹೆಂಗಸರೆಲ್ಲ ಹಳೆಯದನ್ನು ಕೊಟ್ಟು ಹೊಸದು ತಂದರು.

ಐದನೆಯ ತಿಂಗಳಿಗೆ ಲೂರ್ಡ್ಸ್ ಬಾಯಮ್ಮನ ದೀಪ ಆರಿತು. ನೀರು ತಾಗಿದೆ ಎಂದು ಕಂಪೆನಿಯವರು ವಾರಂಟಿ ಕೊಡಲಿಲ್ಲ. ಬಾಯಮ್ಮ ಸೀದಾ ಅಂಗಡಿಗೆ ಬಂದು ದೀಪ ಇಟ್ಟು ಹೋದರು.

ಮೊಯ್ದೀನಬ್ಬ ತಿರುಗಿಸಿ ನೋಡಿದರು. ಸ್ಕ್ರೂ ಇಲ್ಲ. ಬಿಸಿಗಾಳಿ ಹಿಡಿದರು, ಬ್ಲೇಡು ತೂರಿಸಿದರು, ಬ್ಲೇಡು ಮುರಿಯಿತು. ಕೊನೆಗೆ ಗರಗಸದಿಂದ ಕೊಯ್ದಾಗ ಗೊತ್ತಾಯಿತು. ಗೋಂದು ತೆಳುವಿದ್ದಲ್ಲೆಲ್ಲ ಕಪ್ಪು ಅಂಟು ಕಲ್ಲಾಗಿ ಕೂತಿತ್ತು. ಬ್ಲೇಡು ನುಗ್ಗುತ್ತಿದ್ದ ಸಂದಿಗೆ ಒಳಗಿನಿಂದ ತಗಡು ಹೊಡೆದಿದ್ದರು. ಮೊದಲು ಬಿಡಿಸಬೇಕೆಂದ ವೈರು ಅಂಟಿನೊಳಗೆ ಹೂತಿತ್ತು. ಅವರು ತೋರಿಸಿದ್ದ ಒಂದು ಜಾಗವನ್ನೂ ಹಾಳಾದವರು ಬಿಟ್ಟಿರಲಿಲ್ಲ. ಗರಗಸ ಕೆಳಗಿಟ್ಟು ಶೋಭಿತನಿಗೆ ಫೋನ್ ಮಾಡಿದರು.

“ನಾನು ಸ್ಕ್ರೂ ಅಂತಲೇ ಬರೆದು ಕೊಟ್ಟದ್ದು ಮೊಯ್ದಿನಾಕ. ಜನ ರಿಪೇರಿ ಮಾಡ್ಕೊಂಡ್ರೆ ಹೊಸದು ಯಾರು ತಗೊಳ್ತಾರೆ ಅಂತ ಮೇಲಿನವರು ನಿಮ್ಮ ವೀಡಿಯೊ ನೋಡಿ... ನಾನೆಂತ ಮಾಡ್ಲಿ?”

“ನನ್ನ ಪಟ ಹಾಕುವಾಗ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?”

ಇಷ್ಟು ಕೇಳಿ ಮೊಯ್ದೀನಬ್ಬ ಫೋನ್ ಇಟ್ಟರು.

ಮರುದಿನ ಲೂರ್ಡ್ಸ್ ಬಾಯಮ್ಮ ಬಂದಾಗ ಮೊಯ್ದೀನಬ್ಬ ಕೊಯ್ದ ದೀಪವನ್ನು ಮುಂದಿಟ್ಟು ತಲೆ ತಗ್ಗಿಸಿದರು. ‘ಇದು ಆಗುವುದಿಲ್ಲ’ ಎಂದು ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದರು.

“ಎಂತ ಹೇಳ್ತೀರಿ ನೀವು! ನಿಮ್ಮ ಮುಖ ನೋಡಿ ಅಲ್ವಾ ನಾನು ತಗೊಂಡದ್ದು? ಹಳೆಯದು ಚೆಂದ ಉರೀತಿತ್ತು, ಅದನ್ನೂ ಕೊಟ್ಟುಬಿಟ್ಟೆ.” ಬಾಯಮ್ಮ ದೀಪದ ಕಪ್ಪು ಅಂಟನ್ನು ಉಗುರಿನಿಂದ ಕೆರೆದು ನೋಡಿದರು. “ಹೀಗೆ ಯಾರಿಗೂ ತೆರೀಲಿಕ್ಕೆ ಆಗದ ಹಾಗೆ ಮಾಡುವ ಬುದ್ಧಿ ಅವರಿಗೆ ಕೊಟ್ಟದ್ದು ಯಾರು?”

ಕಂಪೆನಿಯನ್ನು ಬೈಯಬಹುದಿತ್ತು, ಶೋಭಿತನ ಹೆಸರೂ ಹೇಳಬಹುದಿತ್ತು. ಹೇಳಿದ್ದರೆ ಬಾಯಮ್ಮ ನಂಬುತ್ತಿದ್ದರು.

“ನಾನೇ ಬಾಯಮ್ಮ,” ಎಂದರು ಮೊಯ್ದೀನಬ್ಬ. “ಎಲ್ಲೆಲ್ಲಿ ಮುಚ್ಚಬೇಕು ಅಂತ ನಾನೇ ಬೆರಳಿಟ್ಟು ತೋರಿಸಿದ್ದು.”