ತಡವಾಗಿ ಹೊಡೆಯುತ್ತಿದ್ದ ಗಂಟೆ

2001ರಲ್ಲಿ ಬೀದರಿನ ಪ್ರಿಯದರ್ಶಿನಿ, ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಇಂದಿರಾನಗರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾ, ಬೆಂಕಿ ಬಿದ್ದಾಗ ಗಂಟೆ ಹೊಡೆಯುವ ಪ್ರೋಗ್ರಾಂ ಬರೆಯುತ್ತಿದ್ದಳು. ಪ್ರೋಗ್ರಾಂ ಬಹಳ ಹೊತ್ತು ಸುಮ್ಮನಿದ್ದ ಮೇಲೆ ಪರೀಕ್ಷಿಸಿದರೆ ಗಂಟೆ ತಡವಾಗುತ್ತಿತ್ತು. ಕೊನೆಗೆ ಕಾರಣ ಸಿಕ್ಕಿತು: ಬಳಸದ ಪ್ರೋಗ್ರಾಮಿನ ‘ಪುಟ’ಗಳೆಂಬ ತುಣುಕುಗಳನ್ನು ಕಂಪ್ಯೂಟರು ಮೆಮೊರಿಯಿಂದ ತೆಗೆದುಹಾಕಿ, ಬೇಕಾದಾಗ ಒಂದೊಂದಾಗಿ ಡಿಸ್ಕಿನಿಂದ ತರುತ್ತಿತ್ತು. ಆ ಪುಟಗಳು ಮೆಮೊರಿಯಿಂದ ಕದಲದಂತೆ ಅವಳು ಬಿಗಿ ಮಾಡಿದಳು. ಗಂಟೆ ತಕ್ಷಣ ಹೊಡೆಯಿತು.

“ಸೂಪರ್ ರೀ,” ಎಂದು ಜೊತೆಗಾರ ಸುನೀಲ್ ಊಟಕ್ಕೆ ಹೋದ.

ಸಂಜೆ ಅವಳು ಬೂತಿನಿಂದ ಊರಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಕೋಣೆಗೆ ಮರಳಿದಾಗ ಮನೆಯ ಒಡತಿ ಪಿಳ್ಳಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು.

“ಅಮ್ಮಾ, ಇವತ್ತು ನನ್ನ ಗಂಟಿ ಛಲೋ ಹೊಡೀತ್ರಿ.”

“ಯಾವ ಗಂಟೆನಮ್ಮಾ? ಕೂತ್ಕೊಂಡು ಹೇಳು.”

ಪ್ರಿಯದರ್ಶಿನಿ ಕೂತಳು. ಹೇಳುವ ಮೊದಲು ಒಂದು ಹಿಡಿ ತನ್ನೆಡೆಗೆ ಎಳೆದುಕೊಂಡು ಅವರೊಂದಿಗೆ ಸೊಪ್ಪು ಬಿಡಿಸತೊಡಗಿದಳು.