ಯಾವ ಬ್ರೌಸರಿನಲ್ಲಿ ಕಾಣುತ್ತದೆ ಆ ಚಾವಣಿ?

ಹೊಸ ಲ್ಯಾಪ್‌ಟಾಪ್ ಕೊಂಡ ಮೊದಲ ವಾರದಲ್ಲಿ ನಾನು ಅದರಲ್ಲಿ ಮಾಡಿದ್ದು ಒಂದೇ ಕೆಲಸ: ಬ್ರೌಸರ್ ಆರಿಸುವುದು. ಆ ಕೆಲಸವೂ ಮುಗಿದಿರಲಿಲ್ಲ. ಮದುವೆಗೆ ವರನನ್ನು ನೋಡುವ ವಿಷಯದಲ್ಲಿ ನಾನು ಇದರ ಕಾಲುಭಾಗ ಯೋಚಿಸಿದ್ದರೂ ಅವ್ವನ ಹರಕೆಗಳು ಎಂದೋ ತೀರುತ್ತಿದ್ದವು.

ಗೊಂದಲ ಶುರುವಾದದ್ದು ಚಳ್ಳಕೆರೆಯ ಅಂಗಡಿಯಲ್ಲಿಯೇ. ಹಳೆಯ ಲ್ಯಾಪ್‌ಟಾಪು ಪ್ರಾಣ ಬಿಟ್ಟಿತ್ತು, ಹೊಸದನ್ನು ಪೆಟ್ಟಿಗೆಯಿಂದ ತೆಗೆದ ಅಂಗಡಿಯಾತ, "ಬ್ರೌಸರ್ ಒಳಗೇ ಐತೆ ಮೇಡಂ, ಫ್ರೀ. ಬೇಫಿಕರ್ ಆಗಿ ಬಳಸ್ರಿ" ಎಂದ.

"ಪುಕ್ಕಟೆ ಯಾಕೆ ಕೊಡ್ತಾರೆ?" ಎಂದೆ.

ಆತ ನನ್ನನ್ನು ಮರುಕದಿಂದ ನೋಡಿದ. "ಬಿರಿಯಾನಿ ಜೊತೆ ಮೊಸರು ಬಜ್ಜಿ ಕೊಡಾಕಿಲ್ವಾ? ಹಂಗೆ ಅನ್ಕೊಳ್ರಿ."

ಮೊಸರು ಬಜ್ಜಿಯು ನಾನು ಏನನ್ನು ಅಗಿದೆ, ಎಷ್ಟು ಹೊತ್ತು ಅಗಿದೆ, ಅಗಿಯುವಾಗ ಪಕ್ಕದ ಎಲೆಯತ್ತ ನೋಡಿದೆನೇ ಎಂಬುದನ್ನು ಗುರುತಿಟ್ಟುಕೊಂಡು ಮೂರನೆಯವರಿಗೆ ತಿಳಿಸುವುದಿಲ್ಲ ಎಂದು ನಾನು ವಾದಿಸಿದೆ. ಆತ ಪೆಟ್ಟಿಗೆಗೆ ಟೇಪು ಸುತ್ತತೊಡಗಿದ. ರಾಜ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳ ವಾದಗಳಿಗೆ ಸಮಾಜವು ಸಾಮಾನ್ಯವಾಗಿ ಕೊಡುವ ಉತ್ತರ ಇದೇ.

ಉಳಿದವರಂತೆ ನಾನೂ ಇದ್ದುದರಲ್ಲಿ ತೃಪ್ತಳಾಗಬಹುದಿತ್ತು. ಆದರೆ ಮುಂದಿನ ಸೋಮವಾರ ಆನ್‌ಲೈನ್ ವಿಚಾರಣೆಯೊಂದಿತ್ತು, ಅದರಲ್ಲಿ ನಾನು ಮೇಲ್ಮನವಿದಾರಳು. ವಿಷಯ ಸರಳ. ಮೊಳಕಾಲ್ಮೂರಿನ ನಮ್ಮ ಕೇರಿಯಲ್ಲಿ ಮಗ್ಗಕ್ಕೇರುವ ಮೊದಲು ಸೀರೆಯ ಉದ್ದದೆಳೆಗಳನ್ನು, ಅಂದರೆ ಹಾಸನ್ನು, ಬಯಲಿನಲ್ಲಿ ಉದ್ದಕ್ಕೂ ಎಳೆದು ಕಟ್ಟಿ, ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಾರೆ. ಮಳೆ ನಮ್ಮ ಕಡೆ ಅಪರೂಪದ ನೆಂಟ; ಬಂದರೆ ಮಾತ್ರ ಹಾಸು ಎಳೆದ ದಿನವೇ ಬರುತ್ತದೆ. ಅದಕ್ಕೆಂದು ಆ ಬಯಲಿಗೊಂದು ಉದ್ದನೆಯ ಚಾವಣಿ ಮಂಜೂರಾಯಿತು. ಕಾಗದದಲ್ಲಿ ಅದು ಪೂರ್ಣಗೊಂಡೂ ಆಯಿತು. ಬಯಲಿನಲ್ಲಿ ಮಾತ್ರ ಒಂದು ಕಂಬವೂ ಏಳಲಿಲ್ಲ. ಮಾಹಿತಿ ಹಕ್ಕಿನಡಿ ಇಲಾಖೆಯನ್ನು ಕೇಳಿದೆ, "ಕಾಮಗಾರಿ ಮುಗಿದಿದೆ" ಎಂಬ ಉತ್ತರ ಬಂತು. ಮಾಹಿತಿ ಆಯೋಗಕ್ಕೆ ಮೇಲ್ಮನವಿ ಹಾಕಿದೆ. ವಿಚಾರಣೆಗೆ ಹಾಜರಾಗದಿದ್ದರೆ ಕಡತ ಮುಚ್ಚುತ್ತಾರೆ; ಮುಚ್ಚಿದರೆ ಇಲ್ಲದ ಚಾವಣಿಯ ಕೆಳಗೆ ನಮ್ಮವರು ಎಂದೆಂದಿಗೂ ನೆನೆಯಬೇಕು.

ಉತ್ತರದಾಯಿತ್ವ ಕೇಳಲು ಹೊರಟವಳು ತನ್ನ ಬ್ರೌಸರಿನಿಂದ ಉತ್ತರದಾಯಿತ್ವ ಕೇಳದಿದ್ದರೆ ಹೇಗೆ? ಹೀಗೆ ನನ್ನ ತತ್ವನಿಷ್ಠೆಯೇ ನನ್ನನ್ನು ಕೆಸರಿಗೆ ಎಳೆಯಿತು. ಲ್ಯಾಪ್‌ಟಾಪಿನೊಡನೆ ಬಂದ ಬ್ರೌಸರಿನಲ್ಲಿ ಬೇರೊಂದನ್ನು ಇಳಿಸಿಕೊಳ್ಳಲು ಹೋದರೆ, ಪಂಕ್ತಿಯಿಂದ ಎದ್ದವಳನ್ನು ತಡೆಯುವ ಸೋದರತ್ತೆಯಂತೆ ಅದು "ನಮ್ಮಲ್ಲಿ ಏನು ಕೊರತೆಯಾಯಿತು?" ಎಂದು ಕೇಳಿತು. ಎರಡನೆಯದು ಬಂದ ಕೂಡಲೇ ನನ್ನ ಊರನ್ನು ತಿಳಿಯಬಯಸಿತು. ಮೂರನೆಯದು ನಿಮ್ಮ ಗುಟ್ಟು ಕಾಯುವುದೇ ನನ್ನ ಧರ್ಮವೆಂದು ಘೋಷಿಸಿ, ಅದಕ್ಕಾಗಿ ನನ್ನ ಇ-ಮೇಲ್ ಕೇಳಿತು. ಷರತ್ತುಗಳನ್ನು ಓದದೆ ಒಪ್ಪುವವಳಲ್ಲ ನಾನು, ಓದಲು ಕುಳಿತೆ. "ನಾವು ಮತ್ತು ನಮ್ಮ ಪಾಲುದಾರರು" ಎಂಬಲ್ಲಿಗೆ ಬಂದು, ಆ ಪಾಲುದಾರರು ಯಾರೆಂದು ಕೊಂಡಿ ಒತ್ತಿದರೆ, ಒಂದು ಜಾತ್ರೆಗೆ ಸಾಲುವಷ್ಟು ಹೆಸರುಗಳು. ಅವರಲ್ಲಿ ಒಬ್ಬರನ್ನೂ ನಾನು ಕಂಡವಳಲ್ಲ. ಅವರೆಲ್ಲರೂ ನನ್ನನ್ನು ಕಾಣಬಯಸಿದ್ದರು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ನಮ್ಮೂರ ಬಳಿಯ ಸಿದ್ದಾಪುರದ ಶಾಸನದ ಬಂಡೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಮೌರ್ಯ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಪ್ರಜೆಗಳಿಗೆ ಮುಟ್ಟಿಸಲು ನಮ್ಮ ಗುಡ್ಡಗಳ ಕಲ್ಲನ್ನು ಆರಿಸಿದ. ಓದಲು ಬಂದವನ ಜಾಡನ್ನು ಆ ಕಲ್ಲು ಹಿಡಿಯಲಿಲ್ಲ, ಅವನ ಒಪ್ಪಿಗೆಯನ್ನೂ ಕೇಳಲಿಲ್ಲ. ಇದನ್ನು ಗೆಳತಿಯೊಬ್ಬಳಿಗೆ ಭಾವುಕಳಾಗಿ ವಿವರಿಸಿದೆ. ಅವಳು, "ಆ ಲಿಪಿ ಓದಾಕ್ ನಿಂಗೆ ಬರ್ತೈತೇನೆ?" ಎಂದಳು. ಬರುವುದಿಲ್ಲ. ಅಂದರೆ ಪಾರದರ್ಶಕವಾಗಿರುವುದು ಬೇರೆ, ಅರ್ಥವಾಗುವುದು ಬೇರೆ. ನನ್ನ ಗೊಂದಲಕ್ಕೆ ಮೌರ್ಯರಿಂದಲೂ ಪರಿಹಾರ ದೊರೆಯಲಿಲ್ಲ.

ಕೊನೆಗೆ ಅತ್ಯಂತ ಕಟ್ಟುನಿಟ್ಟಿನ ಬ್ರೌಸರೊಂದನ್ನು ಹುಡುಕಿ ಹಾಕಿಕೊಂಡೆ. ಅದು ಯಾರನ್ನೂ ನಂಬುವುದಿಲ್ಲ, ಯಾವುದನ್ನೂ ನೆನಪಿಡುವುದಿಲ್ಲ. ನನ್ನ ಸ್ವಭಾವಕ್ಕೆ ಒಪ್ಪಿತು.

ಸೋಮವಾರ ಬೆಳಿಗ್ಗೆ ನಾನಿರುವ ಚಳ್ಳಕೆರೆಯಿಂದ ಬಸ್ಸಿನಲ್ಲಿ ಕೇರಿಗೆ ಬಂದವಳು ಬಯಲನ್ನು ಕಂಡು ದಂಗಾದೆ. ಹಾಸು ಎಳೆದಿರುವ ಬಯಲನ್ನು ಅಧಿಕಾರಿಗಳಿಗೆ ನೇರವಾಗಿ ತೋರಿಸುವುದು ನನ್ನ ಯೋಜನೆಯಾಗಿತ್ತು. ಅಲ್ಲಿ ಹಾಸೂ ಇಲ್ಲ, ಅದನ್ನು ಕಟ್ಟುವ ಗೂಟಗಳೂ ಇಲ್ಲ. ಬಯಲನ್ನು ಗುಡಿಸಿ, ನೀರು ಚಿಮುಕಿಸಿ, ನಡುವೆ ದೊಡ್ಡದೊಂದು ರಂಗೋಲಿ ಬಿಟ್ಟಿದ್ದರು.

"ದೊಡ್ಡ ಸಾಹೇಬ್ರು ನೋಡ್ತಾರಂತಲ್ಲಮ್ಮ" ಎಂದರು ಕೇರಿಯ ಹಿರಿಯ ನೇಕಾರ ಪೆದ್ದಣ್ಣ ಮಾವ, ಹೆಮ್ಮೆಯಿಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. "ನೂಲು ಗೀಲು ಹರಡ್ಕೊಂಡು ಕುಂತ್ರೆ ಏನ್ ಚಂದ? ಎಲ್ಲಾ ಸುತ್ತಿ ಒಳಗಿಟ್ಟೀವಿ."

"ಮಾವ, ನಾವು ಕಷ್ಟ ತೋರಿಸಬೇಕಿತ್ತು!"

"ಬಂದೋರಿಗೆ ಕಷ್ಟ ತೋರಿಸ್ತಾರೇನಮ್ಮಾ? ಅಯ್ಯೋ ರಾಮಾ, ಏಮಿ ಚದುವೋ ಏಮೋ!" ಓದು ಎಂಬುದರ ಬಗ್ಗೆ ಮಾವನಿಗೆ ಅನುಮಾನ ಬಂದಾಗಲೆಲ್ಲ ಮಾತು ತೆಲುಗಿಗೆ ತಿರುಗುತ್ತದೆ.

ಹಾಸನ್ನು ಮತ್ತೆ ಎಳೆಯಲು ಸಮಯವಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ವಿಚಾರಣೆಯ ಕೊಂಡಿ ತೆರೆದೆ. ಪೀಠದ ಅಧಿಕಾರಿಯವರ ದನಿ ಕೇಳಿಸಿತು: "ಮೇಲ್ಮನವಿದಾರರು ಹಾಜರಿದ್ದಾರೆಯೇ? ಮುಖ ಕಾಣುತ್ತಿಲ್ಲ, ಮಾತೂ ಇಲ್ಲ." ನಾನು ಕೂಗಿದೆ. ನನ್ನ ಕಟ್ಟುನಿಟ್ಟಿನ ಬ್ರೌಸರು ಕ್ಯಾಮೆರಾವನ್ನೂ ಮೈಕನ್ನೂ ಮುಚ್ಚಿ, ನನ್ನನ್ನು ಸರ್ಕಾರದಿಂದ ಕಾಪಾಡುತ್ತಿತ್ತು. ಮುಖ ತೋರಿಸಿ, ಉತ್ತರ ಕೊಡಿ ಎಂದು ಕಚೇರಿ ಕಚೇರಿಗಳಲ್ಲಿ ಗುಡುಗಿದ್ದವಳ ಜಾಗದಲ್ಲಿ ಈಗ ಕಪ್ಪು ಚೌಕವೊಂದಿತ್ತು. "ಗೈರುಹಾಜರಿ ಎಂದು ಬರೆದುಕೊಳ್ಳಿ" ಎಂಬ ಮಾತು ಆರಂಭವಾಗುತ್ತಿದ್ದಂತೆ, ವಾರವಿಡೀ ಫೋನಿನಲ್ಲಿ ನನ್ನ ಬ್ರೌಸರ್ ಪುರಾಣ ಕೇಳಿದ್ದ ಅವ್ವ ಬೆನ್ನಿಗೆ ತಿವಿದು, "ಅದ್ಯಾವ್ದೋ ಪುಕ್ಸಟ್ಟೆದು ಇತ್ತಲ್ಲೇ, ಅದನ್ನ ಒತ್ತೇ ತಾಯಿ!" ಎಂದಳು.

ಒತ್ತಿದೆ. ಕ್ಯಾಮೆರಾ ಬಳಸಲೇ? ಬಳಸು. ಮೈಕು? ತಗೋ. ಎಲ್ಲಿದ್ದೀರಿ? ಇಲ್ಲೇ ಇದ್ದೇನೆ, ಬೇಕಾದರೆ ಗೋತ್ರವನ್ನೂ ಕೇಳು. ಒಂದು ಷರತ್ತನ್ನೂ ಓದದೆ ಎಲ್ಲದಕ್ಕೂ ಒಪ್ಪಿ, ಏದುಸಿರು ಬಿಡುತ್ತಾ ಪರದೆಯ ಮೇಲೆ ಪ್ರತ್ಯಕ್ಷಳಾದೆ.

ಇಲಾಖೆಯ ಪ್ರತಿನಿಧಿ ನಿರಾತಂಕವಾಗಿ ಹೇಳಿದರು: "ಕಾಮಗಾರಿ ಮುಗಿದಿದೆ ಸರ್. ನೇಕಾರರು ಬಳಸುತ್ತಿದ್ದಾರೆ." ನಾನು ಲ್ಯಾಪ್‌ಟಾಪನ್ನು ಬಯಲಿನತ್ತ ತಿರುಗಿಸಿದೆ. ರಂಗೋಲಿ, ಒದ್ದೆ ನೆಲ, ಕೈಮುಗಿದು ನಿಂತ ಪೆದ್ದಣ್ಣ ಮಾವ.

"ಬಹಳ ಅಚ್ಚುಕಟ್ಟಾಗಿದೆಯಲ್ಲ!" ಎಂದರು ಪೀಠದ ಅಧಿಕಾರಿ. "ನೋಡಿ ಸರ್" ಎಂದರು ಪ್ರತಿನಿಧಿ. ಮಾವ ಇನ್ನಷ್ಟು ಬಾಗಿ ನಮಸ್ಕರಿಸಿದರು.

ಲ್ಯಾಪ್‌ಟಾಪನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಕಟ್ಟೆಯಿಂದ ಇಳಿದು, ರಂಗೋಲಿ ತುಳಿಯುತ್ತಾ ಬಯಲಿನ ನಟ್ಟನಡುವೆ ನಿಂತು, ಪರದೆಯ ಮುಖವನ್ನು ನೇರ ಮೇಲಕ್ಕೆ ಮಾಡಿದೆ.

ಪೀಠದಿಂದ ದನಿ ಬಂತು: "ಏನಮ್ಮ ಇದು, ಬರೀ ನೀಲಿ ಕಾಣುತ್ತಿದೆ. ನೆಟ್‌ವರ್ಕ್ ಹೋಯಿತೇ?"

"ಇಲ್ಲ ಸರ್. ಇಲಾಖೆಯವರು ಕಟ್ಟಿಸಿದ ಚಾವಣಿ ಅದೇ."

ಮೋಡವೊಂದು ನಿಧಾನವಾಗಿ ಆ ಚಾವಣಿಯನ್ನು ದಾಟಿ ಹೋಯಿತು. ಪ್ರತಿನಿಧಿಯ ಚೌಕ ತಟ್ಟನೆ ಕಪ್ಪಾಯಿತು. ಅವರೂ ಕಟ್ಟುನಿಟ್ಟಿನ ಬ್ರೌಸರಿಗೆ ಹೋದರೋ ಏನೋ. ಸ್ಥಳ ಪರಿಶೀಲಿಸಿ, ಹೊಣೆಗಾರರ ಹೆಸರುಗಳೊಂದಿಗೆ ವರದಿ ಸಲ್ಲಿಸಬೇಕೆಂದು ಪೀಠ ಆದೇಶಿಸಿತು. ಕಡತ ಮುಚ್ಚಲಿಲ್ಲ.

"ಸಾಹೇಬ್ರಿಗೆ ರಂಗೋಲಿ ಬೋ ಹಿಡಿಸ್ತು" ಎಂದರು ಮಾವ.

ಎಲ್ಲರೂ ಹಾಸು ಎಳೆಯಲು ಹೊರಟ ಮೇಲೆ ಕಟ್ಟೆಯ ಮೇಲೆ ನಾನೂ ಲ್ಯಾಪ್‌ಟಾಪೂ ಉಳಿದೆವು. ಪರದೆಯಲ್ಲಿ ಪ್ರಶ್ನೆಯೊಂದು ಮೂಡಿತ್ತು: ಇದನ್ನೇ ನಿಮ್ಮ ಕಾಯಂ ಬ್ರೌಸರ್ ಮಾಡಿಕೊಳ್ಳುವಿರಾ? ಹೌದೆನ್ನಲು ತತ್ವ ಬಿಡದು. ಇಲ್ಲವೆನ್ನಲು ಅಂದಿನ ಉಪಕಾರ ಬಿಡದು. ಕೆಳಗೆ ಇನ್ನೊಂದು ಗುಂಡಿಯಿತ್ತು: "ಆಮೇಲೆ ನೋಡೋಣ." ಯಾವುದೇ ಕಚೇರಿಯಲ್ಲಿ ಈ ಮಾತು ಕೇಳಿಸಿದ್ದರೆ ಮೇಜು ಕುಟ್ಟಿ ಕಾರಣವನ್ನು ಲಿಖಿತವಾಗಿ ಕೇಳುತ್ತಿದ್ದವಳು ನಾನು. ಆ ಕಡೆ ಈ ಕಡೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಅದನ್ನೇ ಒತ್ತಿದೆ. ಎಂಥ ನೆಮ್ಮದಿ ಆಯಿತೆಂದರೆ, ಸರ್ಕಾರ ಹೇಗೆ ನಡೆಯುತ್ತದೆಂಬುದು ನನಗೆ ಮೊದಲ ಬಾರಿಗೆ ಅರ್ಥವಾಯಿತು.