ಬಿಸಿಲು ಇಳಿಯುವವರೆಗೆ

ಜಾವಗಲ್ ಬಳಿಯ ಸೋಲಾರ್ ಘಟಕದ ಕಂಟ್ರೋಲ್ ರೂಮಿನಲ್ಲಿ ನಾನು ಕೆಲಸಕ್ಕಿದ್ದಾಗ ನಡೆದದ್ದು ಇದು. ಬಿಸಿಲು ಬಿದ್ದೊಡನೆ ಒಂದೊಂದು ಪ್ಯಾನೆಲ್ಲಿನಲ್ಲೂ ಸ್ವಲ್ಪ ಸ್ವಲ್ಪ ಕರೆಂಟು ಹುಟ್ಟುತ್ತದೆ. ಸಾಲಿನುದ್ದಕ್ಕೂ ಅದು ಕೂಡಿಕೊಂಡು ಇನ್‌ವರ್ಟರ್ ಎಂಬ ಯಂತ್ರಕ್ಕೆ ಬಂದು, ಮನೆಗಳಲ್ಲಿ ಬಳಸುವಂಥ ಕರೆಂಟಾಗಿ ಬದಲಾಗಿ ಲೈನಿಗೆ ಹೋಗುತ್ತದೆ. ಯಂತ್ರವನ್ನು ಆರಿಸಬಹುದು, ಬಿಸಿಲನ್ನು ಆರಿಸಲಾಗದು ಎಂದು ಸೇರಿದ ಹೊಸದರಲ್ಲೇ ಹೇಳಿಕೊಟ್ಟಿದ್ದರು. ಆಗ ಅದು ಪರೀಕ್ಷೆಗೆ ಓದುವ ಮಾತಿನಂತಿತ್ತು.

ಆ ಚಳಿಗಾಲ ಬೆಳಗಾದರೆ ಪರದೆಯ ಮೇಲೆ ಕೆಂಪು ಎಚ್ಚರಿಕೆ. ಹಿಂದಿನ ಬೇಲಿಯ ಪಕ್ಕದ ಸಾಲಿನಿಂದ ಕರೆಂಟು ನೆಲಕ್ಕೆ ಸೋರುತ್ತಿತ್ತು. ಬಿಸಿಲೇರಿದರೆ ಎಚ್ಚರಿಕೆ ತಾನೇ ಮಾಯ.

"ಇಬ್ಬನಿ ಕಣಮ್ಮ. ಆರಿದ್ರೆ ಸರಿಹೋಗ್ತೈತೆ," ಎನ್ನುತ್ತಿದ್ದರು ನಮ್ಮ ಹಿರಿಯ ಎಲೆಕ್ಟ್ರಿಷಿಯನ್. ಆದರೆ ದಿನ ಕಳೆದಂತೆ ಆ ಕೆಂಪು ಹೆಚ್ಚು ಹೊತ್ತು ನಿಲ್ಲತೊಡಗಿತು.

ಒಂದು ಮಧ್ಯಾಹ್ನ ಅದು ಹೋಗಲೇ ಇಲ್ಲ. ಅವರೂ ನಾನೂ ನೋಡಲು ಹೋದೆವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಏನೋ ಹುರಿಯುತ್ತಿರುವಂಥ ಚರಚರ ಸದ್ದು. ಪ್ಯಾನೆಲ್ಲಿನ ಕೆಳಗೆ, ಎರಡು ವೈರು ಕೂಡುವಲ್ಲಿ, ನೀಲಿ ಕಿಡಿ ಒಂದೇ ಸಮ ಉರಿಯುತ್ತಿತ್ತು. ಅದರಡಿ ಒಣಹುಲ್ಲು.

"ಮುಟ್ಬ್ಯಾಡ! ಓಡೋಗಿ ಆಫ್ ಮಾಡು!"

ಓಡಿಹೋಗಿ ಇನ್‌ವರ್ಟರ್ ನಿಲ್ಲಿಸಿದೆ, ಆ ಸಾಲಿನ ಸ್ವಿಚ್ಚನ್ನೂ ಆರಿಸಿದೆ. ಹಿಂತಿರುಗಿದಾಗಲೂ ಕಿಡಿ ಹಾಗೆಯೇ ಇತ್ತು; ಬಿಸಿಲಿಗೆ ಹುಟ್ಟುತ್ತಿದ್ದ ಕರೆಂಟು ನೆಲದ ದಾರಿ ಹಿಡಿದಿತ್ತು. ಅವರು ಒಣಕೋಲಿನಿಂದ ಹುಲ್ಲು ಎಳೆದು ಹಾಕುತ್ತಿದ್ದರು.

"ನೀರು ತರ್ಲಾ ಅಣ್ಣ?"

"ನೀರಾಕಿದ್ರೆ ನಾವೂ ಹೋಗ್ತೀವಿ. ಬೆಳಕು ಮುಚ್ಬೇಕು."

ಪಕ್ಕದ ಹೊಲದ ಗಂಡ ಹೆಂಡತಿ ನನ್ನ ಕೂಗು ಕೇಳಿ, ಒಣಗಲು ಹಾಕಿದ್ದ ರಾಗಿಯನ್ನು ನೆಲಕ್ಕೆ ಸುರಿದು, ಟಾರ್ಪಾಲುಗಳನ್ನು ಹೊತ್ತು ಬಂದರು. ಒಂದೊಂದೇ ಪ್ಯಾನೆಲ್ ಮುಚ್ಚುತ್ತ ಹೋದೆವು. ಕಿಡಿ ಸಣ್ಣಗಾಗಿ ಆರಿತು. ಗಾಳಿಗೆ ಟಾರ್ಪಾಲು ಎದ್ದದ್ದೇ ತಡ, ಮತ್ತೆ ಚರಚರ.

ನಾಲ್ವರೂ ಒಂದೊಂದು ಅಂಚನ್ನು ಜಗ್ಗಿ ಹಿಡಿದು ನಿಂತೆವು. ಸೂರ್ಯ ಅಷ್ಟು ನಿಧಾನವಾಗಿ ಇಳಿಯುವುದನ್ನು ನಾನು ಎಂದೂ ಕಂಡಿರಲಿಲ್ಲ.

ಮಬ್ಬಾದ ಮೇಲೆ ನಮ್ಮ ಎಲೆಕ್ಟ್ರಿಷಿಯನ್ ವೈರು ಕತ್ತರಿಸಿದರು. ಅಕ್ಕಪಕ್ಕದ ಸಾಲುಗಳನ್ನು ಬಿಚ್ಚಿ ನೋಡಿದರೆ ಅಲ್ಲೂ ವೈರು ಕೂಡುವ ಕೆಲವು ಜಾಗಗಳು ಕಂದಿ ಕಪ್ಪಾಗಿದ್ದವು.

"ಇನ್ನೂ ಎಷ್ಟಿರ್ಬೋದು?" ಎಂದೆ.

"ಗೊತ್ತಿಲ್ಲ ಕಣಮ್ಮ."

ಎಲ್ಲವನ್ನೂ ನೋಡಿ ಬದಲಿಸಲು ವಾರಗಳೇ ಬೇಕಿತ್ತು. ಅಷ್ಟು ದಿನ ಘಟಕ ನಿಲ್ಲಿಸಲು ಮೇಲಿನವರು ಒಪ್ಪಲಿಲ್ಲ. ಮರುದಿನ ಮೋಡದ ಚೂರೂ ಇರಲಿಲ್ಲ. ಪರದೆಯಲ್ಲಿ ಅಂಕಿಗಳು ಏರತೊಡಗಿದವು. ಕಿಟಕಿಯಾಚೆ ನಮ್ಮ ಎಲೆಕ್ಟ್ರಿಷಿಯನ್ ಸಾಲುಗಳ ನಡುವೆ ಎರಡು ಹೆಜ್ಜೆ ಇಡುವುದು, ನಿಂತು ಕಿವಿಗೊಡುವುದು, ಮತ್ತೆ ಹೆಜ್ಜೆ ಇಡುವುದು ಕಾಣುತ್ತಿತ್ತು.